ಬೆಲ್ಲದ ಡಬ್ಬಿಯ ಕೀಲಿಕೈ

"ಬಾಗಿಲಾ ಪೂರಾ ತಗೀಬ್ಯಾಡ್ರಿ ಸಾಬ್ರ. ಏನ ನೋಡೂದೈತಿ, ಹಿಂದಿನಿಂದನ ನೋಡ್ರಿ."

ನಬೀಸಾಬ ಕೈ ಹಿಂದಕ್ಕೆ ಎಳೆದುಕೊಂಡ. ಬಿಯರ್ ಕೂಲರಿನ ಗಾಜಿಗೆ ಒಳಗಿನಿಂದ ಹಳೇ ಪೇಪರು ಅಂಟಿಸಿತ್ತು. ಮೇಲಿದ್ದ ಬಾಟಲಿಯ ಚಿತ್ರವನ್ನು ಯಾರೋ ಅರ್ಧ ಕೆರೆದು ಬಿಟ್ಟಿದ್ದರು. ನರಗುಂದದ ಗುಡ್ಡದ ಬುಡದ ಓಣಿ, ಮನೆಯ ಹಿತ್ತಲ ಕೋಣೆ, ಹಗಲಿನಲ್ಲೇ ಹಾಕಿದ ಅಗಳಿ. ಮುಖಪರಿಚಯವೂ ಇಲ್ಲದ ಈ ಶಿವನಪ್ಪ, ಊರಲ್ಲೇ ಮೂವರು ಮೆಕ್ಯಾನಿಕರಿದ್ದರೂ ಕಾಯಿನ್ ಬೂತಿನಿಂದ ಫೋನು ಮಾಡಿ ಕೊಣ್ಣೂರಿನಿಂದ ತನ್ನನ್ನು ಕರೆಸಿದ್ದೇಕೆ ಎಂಬುದು ಈಗ ಹೊಳೆಯಿತು.

ಕಳ್ಳ ಮಾಲು.

ಇರಲಿ. ಯಾರ ತಂಟೆಗೂ ಹೋಗುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಹೆಂಡತಿ ಕಮರುನ್ನಿಸಾ ತೀರಿಹೋಗಿ, ನಲವತ್ತನೇ ದಿನದ ಫಾತಿಹಾ ಮುಗಿದು ವಾರವಾಗಿತ್ತು. ಆಮೇಲೆ ಹಿಡಿದ ಮೊದಲ ಕೆಲಸ ಇದು.

ಕೂಲರನ್ನು ಗೋಡೆಯಿಂದ ಸರಿಸಿದ. ಗ್ಯಾಸಿನ ಪೈಪುಗಳ ಮೇಲೆ ಹೆಬ್ಬೆರಳು ದಪ್ಪದ ಮಂಜುಗಡ್ಡೆ ಕಟ್ಟಿ ಮೋಟರಿನ ತನಕ ಇಳಿದಿತ್ತು.

"ಎಷ್ಟ ದಿನಾತ್ರಿ ಹಿಂಗ?"

"ತಂದಾಗಿಂದ. ಗಜೇಂದ್ರಗಡದಾಗ ಒಂದ ಬಾರ್ ಮುಚ್ಚಿತ್ತು, ಅಲ್ಲಿಂದ ತಂದೆ. ಎಂಟ ತಿಂಗಳಾತು. ಥಂಡಿ ಹೆಚ್ಚಾದಷ್ಟೂ ಮಾಲಿಗೆ ಚಲೋ ಅಂತ ನಾನೂ ಸುಮ್ಮನಿದ್ನಿ."

"ಅದು ಖರೇನ. ಥಂಡಿಗೆ ಯಾವ ಮಾಲೂ ಕೆಡಾಂಗಿಲ್ಲ ಬಿಡ್ರಿ."

ಶಿವನಪ್ಪ ಕೂಲರಿನ ಬಾಗಿಲನ್ನೊಮ್ಮೆ ನೋಡಿ, ಚಹಾ ತರಲು ಒಳಗೆ ಹೋದ.

ನಬೀಸಾಬ ಬಾಗಿಲನ್ನು ಬೆರಳಷ್ಟೇ ಸರಿಸಿ, ರಬ್ಬರಿನ ಸಂದಿಗೆ ಕಾಗದ ಕೊಟ್ಟು ಮುಚ್ಚಿ ಎಳೆದು ನೋಡಿದ. ಬಿಗಿ ಇತ್ತು. ಬದಿಗೆ ಕಿವಿ ಹಚ್ಚಿದ. ಒಳಗೆ ಫ್ಯಾನು ತಿರುಗುತ್ತಿತ್ತು. ಗೇಜು ಹಾಕಿದ. ಗ್ಯಾಸೂ ಸರಿಯಿತ್ತು. ಇನ್ನುಳಿದದ್ದು ಒಂದೇ. ನೆಲದ ಮೇಲೆ ಕೂತು, ಮೋಟರು ತಾನಾಗಿ ನಿಲ್ಲುವುದನ್ನು ಕಾಯತೊಡಗಿದ.

ಶಿವನಪ್ಪ ಚಹಾ ತಂದುಕೊಟ್ಟ. ನಬೀಸಾಬನ ಸ್ಪ್ಯಾನರುಗಳ ಗೊಂಚಲಿನಲ್ಲಿ ನೇತಾಡುತ್ತಿದ್ದ ಚಿಕ್ಕ ಕೀಲಿಕೈ ಅವನ ಕಣ್ಣಿಗೆ ಬಿತ್ತು.

"ಇದ್ಯಾವ ತಿಜೋರೀದ್ರೀ?"

"ಬೆಲ್ಲದ ಡಬ್ಬೀದು."

"ಬೆಲ್ಲಕ್ಕ ಕೀಲಿ ಹಾಕೋ ಸಾಹುಕಾರ್ರನ್ನ ಇವತ್ತ ನೋಡಿದ್ನಿ ನೋಡ್ರಿ!"

ನಬೀಸಾಬ ನಗಲಿಲ್ಲ. ಆರು ವರ್ಷ ಸೂಜಿಗೆ ಬಗ್ಗಿದ್ದ ಕಮರುನ್ನಿಸಾಳ ಸಕ್ಕರೆ ರೋಗ ಈ ವರ್ಷ ಬಗ್ಗಲಿಲ್ಲ. ಎರಡು ಹೊತ್ತು ತಪ್ಪದೆ ಚುಚ್ಚಿಕೊಂಡರೂ ಏರುತ್ತಲೇ ಹೋಯಿತು. ಕದ್ದು ತಿನ್ನುತ್ತಿರಬೇಕು ಎಂದಿದ್ದರು ಡಾಕ್ಟರು. ಅಂದೇ ಸಂತೆಯಿಂದ ಬೀಗ ತಂದಿದ್ದ. ತಿಂದಿಲ್ಲವೆಂದು ಮಗಳು ಸಾನಿಯಾಳ ತಲೆ ಮುಟ್ಟಿ ಆಣೆ ಮಾಡಿದಳು. ಅವನು ನಂಬಲಿಲ್ಲ. ಮಾತು ಬಿಟ್ಟ. ಕೊನೆಯ ದಿನ ದವಾಖಾನೆಯ ಮಂಚದ ಮೇಲೆ ಅವಳು ಏದುಸಿರು ಬಿಡುತ್ತಿದ್ದಾಗ ಬಗ್ಗಿ ಬಾಯಿ ಮೂಸಿ ನೋಡಿದ್ದ. ಕಳಿತ ಹಣ್ಣಿನಂಥ ಸಿಹಿ ವಾಸನೆ. ಇನ್ನೇನು ಸಾಕ್ಷಿ ಬೇಕಿತ್ತು? ಮುಖ ತಿರುಗಿಸಿ ಹೊರಗೆ ಬಂದಿದ್ದ. ಆಮೇಲೆ ಒಳಗೆ ಹೋಗುವಷ್ಟರಲ್ಲಿ ಮುಗಿದಿತ್ತು.

ತಾಸಾಯಿತು. ಮೋಟರು ನಿಲ್ಲಲಿಲ್ಲ.

"ಇದಕ್ಕ ದಣಿವ ಆರಿಸಿಕೊಳ್ಳಾಕ ಬಿಟ್ಟಿಲ್ಲ ಯಾರೋ. ಕರೆಂಟ್ ಹೋದಾಗಷ್ಟ ನಿಂದರತೈತಿ," ಎನ್ನುತ್ತ ಥರ್ಮೋಸ್ಟಾಟಿನ ಮುಚ್ಚಳ ಬಿಚ್ಚಿದ. ಥಂಡಿ ಸಾಕಾದಾಗ ಮೋಟರು ನಿಲ್ಲಿಸುವ ಆ ಯಂತ್ರವನ್ನು ಬದಿಗೆ ಬಿಟ್ಟು, ಎರಡೂ ವೈರನ್ನು ಒಂದಕ್ಕೊಂದು ಹೊಸೆದು ಡೈರೆಕ್ಟ್ ಮಾಡಿತ್ತು. ಟೇಪಿನ ಮೇಲೆ ಕೆಂಪು ದಾರದ ಮೂರು ಸುತ್ತು.

ಹಾಗೆ ದಾರ ಸುತ್ತುವವನು ಈ ಸೀಮೆಯಲ್ಲಿ ಒಬ್ಬನೇ.

"ಇದು ನನ್ನ ಕೈದ ಕೆಲಸ," ಎಂದ ನಬೀಸಾಬ. ತುಸು ನಗುವೂ ಬಂತು. "ಮೂರ ಬ್ಯಾಸಗಿ ಹಿಂದ ಆ ಬಾರಿನಾಂವ, ಬಾಟ್ಲಿಯೊಳಗ ಬರ್ಫದ ಚೂರ ತೇಲಬೇಕ ಅಂದಿದ್ದ. ಬೀರಿಗೆ ನಡೀತೈತಿ ಅಂತ ಡೈರೆಕ್ಟ್ ಕೊಟ್ಟಿದ್ನಿ. ಈಗ ಬ್ಯಾರೇದ ಹಾಕ್ತೀನಿ. ಬರ್ಫ ಕರಗಿಸಬೇಕು, ಮಾಲ ಹೊರಗ ತಗೀರಿ. ಅಂಜಬ್ಯಾಡ್ರಿ, ಪೊಲೀಸರಿಗೆ ಹೇಳೋ ಪೈಕಿ ನಾ ಅಲ್ಲ."

"ಪೊಲೀಸ್ರ ಯಾಕ್ರೀ? ನಂದು ಮೆಡಿಕಲ್ ಅಂಗಡಿ!"

ಶಿವನಪ್ಪ ಬಾಗಿಲು ತೆಗೆದ. ಒಳಗೆ ಒಂದೂ ಬಾಟಲಿ ಇರಲಿಲ್ಲ. ಅಂಗೈಯಗಲದ ರಟ್ಟಿನ ಪೆಟ್ಟಿಗೆಗಳು. ಹಿಂದಿನ ಸಾಲಿನಿಂದ ಬೆರಳುದ್ದದ ಶೀಶೆಯೊಂದನ್ನು ತೆಗೆದು ಬೋರಲು ಹಿಡಿದ. ಒಳಗಿನದು ಅಲುಗಲಿಲ್ಲ.

"ಸಕ್ಕರಿ ರೋಗದ ಇಂಜೆಕ್ಷನ್ನು. ಬೀರಿನ ಕೂಲರದಾಗ ಇಟ್ಟೀನಂತ ಗೊತ್ತಾದ್ರ ಲೈಸನ್ಸ್ ಹೋಗತೈತಿ, ಅದಕ್ಕ ಈ ಕದ್ದುಮುಚ್ಚಿ. ಹಿಂದಿನ ಸಾಲು ಬರ್ಫ ಆಗ್ತಿತ್ತು. ಬಿಸಲಿಗಿಟ್ಟು ಕರಗಿಸಿ ಕೊಡ್ತಿದ್ನಿ. ಮೊನ್ನೆ ಕಂಪನಿಯಾಂವ ಬಂದು ಬೈದ. ಒಮ್ಮಿ ಬರ್ಫ ಆದ್ರ ಅದರಾಗ ಶಕ್ತಿ ಉಳಿಯೂದಿಲ್ಲಂತ. ನೀರ ಚುಚ್ಚಿಕೊಂಡಂಗಂತ. ಸಕ್ಕರಿ ಏರಿ ಏರಿ, ಕಡೀಕ ಬಾಯಾಗ ಹಣ್ಣಿನ ವಾಸನಿ ಬರತೈತಂತ..."

ನಬೀಸಾಬನ ಬೆರಳು ಕೆಂಪು ದಾರದ ಮೇಲೆಯೇ ಇತ್ತು.

"ಭಾಳ ಮಂದಿಗೇನ ಹೋಗಿಲ್ಲ ಬಿಡ್ರಿ," ಎಂದು ಶಿವನಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. "ನಿಮ್ಮ ಕೊಣ್ಣೂರಿನ ಹುಡುಗಿ ಒಬ್ಬಾಕಿ, ಸಾನಿಯಾ ಅಂತ, ಕಾಲೇಜಿಗೆ ಬಂದಾಗ ಅವರವ್ವಗಂತ ತಿಂಗಳಾ ತಪ್ಪದ ಒಯ್ತಿದ್ಲು. ಎರಡ ತಿಂಗಳಾತು, ಆಕೀನೂ ಬಂದಿಲ್ಲ. ಅವರವ್ವಗ ಆರಾಮ ಆಗಿರಬೇಕು."