ಒಂಬತ್ತೂವರೆ

ಮೂರನೇ ಸಲವೂ ಟೈಲರಮ್ಮನಿಗೆ ಒಂಬತ್ತೂವರೆಯೇ ಬಂತು. ಬರಬೇಕಾಗಿದ್ದದ್ದು ಒಂಬತ್ತು ಪಾಯಿಂಟ್ ಎಂಟು. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ದಾರದ ಉದ್ದವನ್ನೂ ತೂಗಾಟದ ಹೊತ್ತನ್ನೂ ಅಳೆದು, ಭೂಮಿ ಎಷ್ಟು ಜೋರಾಗಿ ಎಳೆಯುತ್ತದೆಂದು ಲೆಕ್ಕ ಹಾಕುವ ಪ್ರಯೋಗ ಅದು. ಫಿಸಿಕ್ಸ್ ಲ್ಯಾಬಿನ ಉಳಿದ ಐದು ಮೇಜುಗಳಲ್ಲೂ ಭೂಮಿ ಸರಿಯಾಗಿಯೇ ಎಳೆದಿತ್ತು. ತನ್ನ ಮೇಜಿಗೆ ಬರುವ ಹೊತ್ತಿಗೆ ಅದಕ್ಕೂ ಸುಸ್ತಾಗುತ್ತದೇನೋ ಎಂದುಕೊಂಡು ಅವಳು ಕನ್ನಡಕ ಒರೆಸಿಕೊಂಡಳು.

ವಯಸ್ಸು ನಲವತ್ತೆಂಟು, ಬಿ.ಎಸ್ಸಿ. ಮೊದಲ ವರ್ಷ. ಸೀಟು ಸಿಕ್ಕ ಸಂಭ್ರಮದಲ್ಲಿ ತಾನೇ ಒಂದು ಬಿಳಿ ಕೋಟು ಹೊಲಿದು ಹಾಕಿಕೊಂಡು ಬಂದಿದ್ದಳು. ಫಿಸಿಕ್ಸಿಗೆ ಕೋಟು ಬೇಡವೆಂದು ತಿಳಿದದ್ದು, ಯಾರಿಗೆ ಇಂಜೆಕ್ಷನ್ ಕೊಡೋಕೆ ಬಂದಿದ್ದೀರಿ ಎಂದು ಹುಡುಗಿಯರು ಕೇಳಿದ ಮೇಲೆ. ಲೆಕ್ಚರರು ಅವಳ ಅಂಗಡಿಯ ಗಿರಾಕಿ. ಅವರ ಸೊಂಟದ ಅಳತೆ ಅವಳಿಗೆ ಬಾಯಿಪಾಠ. ಅವರು ಬೋರ್ಡಿನ ಮೇಲೆ ಬರೆಯುವ ಸೂತ್ರ ಮಾತ್ರ ಏನು ಮಾಡಿದರೂ ಬಾಯಿಗೆ ಬರುತ್ತಿರಲಿಲ್ಲ.

ಹದಿನೆಂಟರಲ್ಲಿ ಅಪ್ಪನ ಕೈ ನಡುಗಲು ಶುರುವಾದಾಗ ಕಾಲೇಜು ಬಿಟ್ಟು ಅವನ ಹೊಲಿಗೆ ಮಿಷಿನ್ ಮುಂದೆ ಕೂತವಳು ಅವಳು. ಮೂವತ್ತು ವರ್ಷದ ಮೇಲೆ ಎದ್ದು ಬಂದರೆ, ಹೋದ ವಾರದ ಟೆಸ್ಟಿನಲ್ಲಿ ಐವತ್ತಕ್ಕೆ ಒಂಬತ್ತು. "ಪಾಸೇ ಆಗಬೇಕು ಅಂತ ಏನಿಲ್ಲ ಬಿಡು, ಹೋಗಿ ಬಂದ್ಯಲ್ಲ, ಅಷ್ಟೇ ಸಾಕು" ಎಂದಿದ್ದ ಗಂಡ. ಬೈದಿದ್ದರೆ ಹಟವಾದರೂ ಹುಟ್ಟುತ್ತಿತ್ತು. ಈ ಪ್ರಯೋಗದ ರೆಕಾರ್ಡು ಉತ್ತರ ತಪ್ಪೆಂದು ಆಗಲೇ ಎರಡು ಸಲ ಸಹಿಯಿಲ್ಲದೆ ವಾಪಸು ಬಂದಿತ್ತು. ಇವತ್ತೂ ಬಂದರೆ ನಾಳೆಯಿಂದ ಈ ಕಡೆ ತಲೆ ಹಾಕುವುದಿಲ್ಲವೆಂದು ಅವಳು ಬಸ್ಸಿನಲ್ಲೇ ತೀರ್ಮಾನಿಸಿದ್ದಳು.

"ಆಂಟೀ, ಒಂಬತ್ತು ಪಾಯಿಂಟ್ ಎಂಟು ಅಂತ ಬರ್ದು ಮುಗ್ಸಿ," ಎಂದಳು ಪಕ್ಕದ ಮೇಜಿನ ಹುಡುಗಿ, ಆಗಲೇ ಬ್ಯಾಗು ಹೆಗಲಿಗೇರಿಸಿಕೊಂಡು.

"ಅಳತೆ ಬೇರೇನೇ ಹೇಳ್ತಾ ಇದೆಯಲ್ಲಮ್ಮ?"

"ಉತ್ತರಕ್ಕೆ ತಕ್ಕ ಹಾಗೆ ಅಳತೇನ ಸ್ವಲ್ಪ ಹಿಗ್ಸಿ. ನೀವು ಟೈಲರ್ ಅಲ್ವಾ!"

ಟೈಲರಮ್ಮ ಒಂಬತ್ತೂವರೆಯನ್ನು ರಬ್ಬರಿನಿಂದ ಅಳಿಸಿದಳು. ಪೆನ್ನಿನಲ್ಲಿ ದುಂಡಗೆ ಒಂಬತ್ತು ಪಾಯಿಂಟ್ ಎಂಟು ಎಂದು ಬರೆದಳು. ಮೂರು ತಿಂಗಳಲ್ಲಿ ಅವಳು ಬರೆದ ಅತ್ಯಂತ ಚೆಂದದ ಉತ್ತರ ಅದು. ಆಮೇಲೆ ಇಡೀ ಲ್ಯಾಬಿಗೆ ಒಂದೇ ಒಂದಿದ್ದ ಬಟ್ಟೆಯ ಟೇಪನ್ನು ವಾಪಸು ಕೊಡಲೆಂದು ಬೆರಳಿಗೆ ಸುತ್ತತೊಡಗಿದಳು. ಅರ್ಧ ಸುತ್ತುವಷ್ಟರಲ್ಲಿ ಬೆರಳು ನಿಂತವು. ಟೇಪು ತೊಳೆದು ತೊಳೆದು ಸವೆದ ಹಳೇ ಬಟ್ಟೆಯ ಹಾಗೆ ಮೆತ್ತಗಿತ್ತು. ಬ್ಯಾಗಿನಿಂದ ತನ್ನ ಟೇಪು ತೆಗೆದು ಎರಡನ್ನೂ ಮೇಜಿನ ಮೇಲೆ ಜೋಡಿಸಿ ಹಾಸಿದಳು. ಲ್ಯಾಬಿನ ಟೇಪು ಎಳೆದೆಳೆದು ಹಿಗ್ಗಿಹೋಗಿತ್ತು. ಒಂದೂವರೆ ಮೀಟರಿನ ಗುರುತು ಐದು ಸೆಂಟಿಮೀಟರ್ ಆಚೆಗಿತ್ತು. ಇದರಲ್ಲಿ ಅಳೆದರೆ ಯಾವ ದಾರವಾದರೂ ಗಿಡ್ಡವೆಂದೇ ತೋರುತ್ತದೆ, ಉತ್ತರವೂ ಕಡಿಮೆಯೇ ಬರುತ್ತದೆ. ಅಂಗಡಿಯಲ್ಲಿ ಹಿಗ್ಗಿದ ಟೇಪನ್ನು ಅವಳು ಆ ದಿನವೇ ಕತ್ತರಿಸಿ ಬಿಸಾಡುತ್ತಿದ್ದಳು. ಇಲ್ಲಿ ಮಾತ್ರ, ಕಾಲೇಜಿನ ಟೇಪು ಎಂಬ ಭಕ್ತಿಗೆ, ತನ್ನನ್ನೇ ದಡ್ಡಿ ಎಂದುಕೊಂಡು ಮೂರು ಸಲ ಲೆಕ್ಕ ಮಾಡಿದ್ದಳು.

"ಏನ್ರೀ, ಇಲ್ಲೂ ಅಂಗಡಿ ತೆಗೆದ್ರಾ?" ಲೆಕ್ಚರರು ಹಿಂದೆ ಬಂದು ನಿಂತಿದ್ದರು.

ಅವಳು ಬೆರಳಿಟ್ಟು ತೋರಿಸಿದಳು. ಅವರ ಮುಖದ ನಗು ಇಳಿಯಿತು. ಬೀರುವಿನಿಂದ ಸ್ಟೀಲಿನ ಸ್ಕೇಲು ತಂದು ಎರಡೂ ಟೇಪುಗಳ ಪಕ್ಕದಲ್ಲಿಟ್ಟು ನೋಡಿದರು. ಅವಳ ಟೇಪೇ ಸರಿಯಿತ್ತು. ಅವರು ಬಾಗಿಲ ಕಡೆ ಹೊರಟಿದ್ದವರನ್ನೆಲ್ಲ ನಿಲ್ಲಿಸಿದರು.

"ಈ ಟೇಪಲ್ಲಿ ಅಳೆದ್ರೆ ಒಂಬತ್ತು ಪಾಯಿಂಟ್ ಎಂಟು ಬರೋಕೆ ಸಾಧ್ಯಾನೇ ಇಲ್ಲ. ನಿಮಗೆಲ್ಲ ಹೇಗೆ ಬಂತು?"

ಪಕ್ಕದ ಮೇಜಿನ ಹುಡುಗಿ ಚಪ್ಪಲಿಯ ತುದಿ ನೋಡುತ್ತಿದ್ದಳು.

"ನೋಡಿ ಕಲೀರಿ. ವಯಸ್ಸಲ್ಲಿ ನಿಮ್ಮಮ್ಮಂದಿರ ಹಾಗಿದ್ದಾರೆ, ಬಂದ ಹಾಗೇ ಬರ್ದಿದ್ದಾರೆ. ಓದಿ ಹೇಳಿ ಅಮ್ಮಾ, ನಿಮ್ಮ ರೆಕಾರ್ಡಲ್ಲಿ ಏನು ಬರ್ದಿದ್ದೀರಿ?"

ಟೈಲರಮ್ಮ ಪುಸ್ತಕ ತೆರೆದಳು. ರಬ್ಬರಿನ ಪುಡಿ ಇನ್ನೂ ಹಾಳೆಯ ಮೇಲೇ ಇತ್ತು. ಒಂಬತ್ತೂವರೆ ಎಂದುಬಿಟ್ಟರೆ ಯಾರೂ ಬಗ್ಗಿ ನೋಡುವವರಿರಲಿಲ್ಲ. ಬಾಳಿನಲ್ಲಿ ಮೊದಲ ಸಲ ಅವಳನ್ನು ತೋರಿಸಿ ಒಬ್ಬರು ನೋಡಿ ಕಲೀರಿ ಎಂದಿದ್ದರು. ಅದು ಅರ್ಧ ನಿಮಿಷವಾದರೂ ಇರಬಾರದಿತ್ತೇ?

"ಬಂದಿದ್ದು ಒಂಬತ್ತೂವರೆ ಸರ್," ಎಂದಳು. "ಬರ್ದಿರೋದು ಒಂಬತ್ತು ಪಾಯಿಂಟ್ ಎಂಟು."

ಲ್ಯಾಬಿಗೆ ಲ್ಯಾಬೇ ಗೊಳ್ಳೆಂದಿತು. ಅವಳೂ ನಕ್ಕಳು, ಬೇರೆ ದಾರಿಯಿರಲಿಲ್ಲ. ಲೆಕ್ಚರರು ಮಾತ್ರ ನಗಲಿಲ್ಲ. ಟೇಪನ್ನು ಕೈಯಲ್ಲಿ ಹಿಡಿದು ಅಟೆಂಡರನ್ನು ಕೂಗಿ, ಇದು ಯಾವಾಗಿನದು ಎಂದು ಕೇಳಿದರು.

"ನೀವು ಕೆಲಸಕ್ಕೆ ಸೇರಿದ ವರ್ಷ ತಂದಿದ್ದು ಸರ್. ಹನ್ನೆರಡು ವರ್ಷ ಆಯ್ತು."

ಅವರು ಅವಳ ಮೇಜಿಗೆ ಬಂದು ಜೇಬಿನಿಂದ ಹಸಿರು ಪೆನ್ನು ತೆಗೆದು, "ಅದನ್ನ ಹೊಡೆದುಹಾಕಿ. ನಿಮಗೆ ಬಂದಿದ್ದನ್ನೇ ಬರೀರಿ," ಎಂದರು ಮೆಲ್ಲಗೆ.

ಅವಳು ಬರೆದಳು. ಈ ಸಲ ಒಂಬತ್ತು ಸೊಟ್ಟಗಾಯಿತು. ಅದರ ಕೆಳಗೆ ಅವರು ಸಹಿ ಹಾಕಿದರು. ಹನ್ನೆರಡು ವರ್ಷಗಳಲ್ಲಿ ಅವರು ಸಹಿ ಹಾಕಿದ ಮೊದಲ ತಪ್ಪು ಉತ್ತರ ಅದು.