ತೊಡೆಯ ಮೇಲಿನ ಬಟ್ಟೆ

“ಇಲ್ದೋರ ಕೈಗೆ ಪಂಚಾಯ್ತಿ ಕೊಟ್ರೆ ಮೊದ್ಲು ತಮ್ಮ ಒಟ್ಟೆಗೇ ಆಕ್ಕೊತಾರೆ ಕಣಣ್ಣ. ಉಳ್ಳೋರು ಯಾಕೆ ಕದ್ದಾರು? ನೀವು ಒಳ್ಳೇರು ಅಂತ್ಲೇ ಅಲ್ವಾ ದೇವ್ರು ನಿಮ್ಗೆ ಕೊಟ್ಟಿರೋದು?” ಮೂಸೆಯಲ್ಲಿ ಕರಗುತ್ತಿದ್ದ ಚಿನ್ನದಿಂದ ಕಣ್ಣೆತ್ತದೆ ಲಕ್ಷ್ಮಣಾಚಾರಿ ಹೇಳಿದ. ಹೆಂಡತಿಯ ಹಳೆಯ ಬಳೆ ಕರಗಿಸಲು ಕೊಟ್ಟು ಎದುರಿನ ಸ್ಟೂಲಿನಲ್ಲಿ ಕೂತಿದ್ದ ರೈಸ್‌ಮಿಲ್ಲಿನ ಜವರಪ್ಪ, ಈ ಸಲ ಎಲೆಕ್ಷನ್ನಿಗೆ ನಿಂತವನು, ಖುಷಿಯಿಂದ ತಲೆಯಾಡಿಸಿದ.

ಎಲೆಕ್ಷನ್ನಿನಲ್ಲಿ ಜವರಪ್ಪನ ಎದುರು ನಿಂತಿದ್ದ ಸೊಪ್ಪು ಮಾರುವ ಮೂಗಮ್ಮ ಅಂಗಡಿಯ ಬಾಗಿಲಲ್ಲೇ ಇದ್ದಾಳೆಂದು ಆಚಾರಿಗೆ ಗೊತ್ತಾದದ್ದು ಆಮೇಲೆ. ಎಲ್ಲವನ್ನೂ ಕೇಳಿಸಿಕೊಂಡದ್ದು ಅವಳ ಮುಖದಲ್ಲೇ ಇತ್ತು. ಆದರೂ ಸೆರಗಿನ ಗಂಟು ಬಿಚ್ಚಿ, ಒಂದು ಜೊತೆ ಓಲೆಯನ್ನು ಅವನ ಮುಂದಿಟ್ಟಳು. “ಇದ್ನ ಕರಗ್ಸಿ ಮೊಮ್ಮಗೀಗೆ ಒಂದು ಉಂಗ್ರ ಮಾಡ್ಬುಡಪ್ಪ. ಕಿಕ್ಕೇರಿ ಸಂತೆ ಮುಗುಸ್ಕೊಂಡು ನಾಳಿಕ್ಕೆ ಬತ್ತೀನಿ.” ತೂಕವನ್ನೂ ಕೇಳದೆ ಹೊರಟುಹೋದಳು.

ಜವರಪ್ಪ ಮಾತ್ರ ಕದಲಲಿಲ್ಲ. ಚಿನ್ನ ಕೊಟ್ಟವರು ಅದು ಕರಗಿ ಗಟ್ಟಿಯಾಗುವ ತನಕ ಆಚಾರಿಯ ಕೈಯನ್ನೇ ನೋಡುತ್ತ ಕೂರುವುದು ವಾಡಿಕೆ. ಆ ಸ್ಟೂಲು ಆಚಾರಿಯ ಅಪ್ಪನ ಕಾಲದಿಂದಲೂ ಅಲ್ಲೇ ಇತ್ತು. ಕೆಲಸ ಮುಗಿದು ಗಟ್ಟಿಯನ್ನು ಜೇಬಿಗಿಳಿಸಿದ ಜವರಪ್ಪ, ನಗುನಗುತ್ತಲೇ, ಉದುರಿದ ಚಿನ್ನದ ಚೂರು ನೆಲಕ್ಕೆ ಬೀಳದಿರಲೆಂದು ಆಚಾರಿ ತೊಡೆಯ ಮೇಲೆ ಹಾಸಿಕೊಂಡಿದ್ದ ಬಟ್ಟೆಯತ್ತ ಬೆರಳು ತೋರಿಸಿದ. “ನೀನೇ ಅಂದ್ಯಲ್ಲ ಆಚಾರಿ, ಇಲ್ದೋರ್ನ ನಂಬಕ್ಕಾಗಲ್ಲ ಅಂತ. ಅದ್ನೊಂದ್ಸಲ ಕೊಡವ್ಬುಡು.”

ಆಚಾರಿ ಎದ್ದು ನಿಂತು ಕೊಡವಿದ. ಒಂದು ಕಣವೂ ಉದುರಲಿಲ್ಲ. ಮತ್ತೆ ಕೂತು ಮೂಗಮ್ಮನ ಓಲೆಗಳನ್ನು ಎತ್ತಿಕೊಳ್ಳಲು ಹೋದ. ಮುಟ್ಟಲು ಕೈ ಬರಲಿಲ್ಲ.