ಮರಗಪ್ಪನ ಮೊಮ್ಮಗ

ಬ್ರಿಟಿಷರು ಒಂದು ಜಾತಿಯನ್ನೇ ಹುಟ್ಟುಗಳ್ಳರೆಂದು ಸಾರಿ ತಂತಿ ಬೇಲಿಯೊಳಗೆ ಕೂಡಿಹಾಕಿದ್ದರು. ಕಾದಂಬರಿಕಾರ ಅದನ್ನೇ ಬರೆದಿದ್ದ. ಕೊನೆಯ ಅಧ್ಯಾಯದಲ್ಲಿ ಸ್ವಾತಂತ್ರ್ಯ ಬರುತ್ತದೆ, ಜನರೇ ಬೇಲಿ ಕಿತ್ತೊಗೆಯುತ್ತಾರೆ.

ಮೂರು ತಿಂಗಳು ಕೂತು ಕಥೆ ಹೇಳಿದವನು ಅದೇ ಜಾತಿಯ ಹುಸೇನಪ್ಪ. ಅವನ ಅಜ್ಜ ಮರಗಪ್ಪ ಬೇಲಿಯೊಳಗೇ ಸತ್ತವನು. ಸರಕಾರಿ ದಫ್ತರದಲ್ಲಿ ಅವನಿಗೆ ಹೆಸರೇ ಇಲ್ಲ, ಬರೀ ನಂಬರು.

"ನನಗ ಶಾಲು, ಹಾರ ಏನೂ ಬ್ಯಾಡ್ರಿ ಸಾಹೇಬ್ರ," ಎಂದಿದ್ದ ಹುಸೇನಪ್ಪ. "ಮೈಕಿನಾಗ ನಮ್ಮಜ್ಜನ ಹೆಸರ ಒಮ್ಮೆ ಹೇಳಾಕ ಬಿಡ್ರಿ. ಸಾಕು."

ಪುಸ್ತಕ ಬಿಡುಗಡೆಗೆ ಮಂತ್ರಿಯೇ ಬರುವವರಿದ್ದರು. ಬೆಳಿಗ್ಗೆ ಹತ್ತಕ್ಕೇ ಸಭಾಂಗಣ ತುಂಬಿತು. ವೇದಿಕೆಯ ಮೇಲೆ ಹುಸೇನಪ್ಪನ ಕುರ್ಚಿ ಮಾತ್ರ ಖಾಲಿ.

"ಎಲ್ಲೋ ಕುಡದು ಬಿದ್ದಿರಬೇಕು ಬಿಡ್ರಿ," ಎಂದು ಪ್ರಕಾಶಕ ನಕ್ಕ. "ನೀವು ನಾಕನೂರು ಪುಟ ಬರದ್ರ ಆ ಮಂದಿ ಸುಧಾರಿಸ್ತಾರೇನು?"

ಕಾದಂಬರಿಕಾರನ ಮೈ ಉರಿಯಿತು. ಪ್ರಕಾಶಕನ ಮೇಲೋ ಹುಸೇನಪ್ಪನ ಮೇಲೋ ಅವನಿಗೇ ತಿಳಿಯಲಿಲ್ಲ. ಫೋನು ಹಚ್ಚಿದ. ಎತ್ತಿದವಳು ಹುಸೇನಪ್ಪನ ಹೆಂಡತಿ.

"ಎಲ್ಲದಾನವ್ವಾ ಅಂವ? ಮಂತ್ರಿಗಳ ಕಾರು ಬಾಗಲಕ್ಕ ಬಂತು!"

"ಹೊಸಾ ಅಂಗಿ ತೊಟ್ಟು ಹೊಂಟಿದ್ರುರೀ. ಪೊಲೀಸರು ಬಂದು ಸ್ಟೇಷನ್ನಿಗೆ ಒಯ್ದಾರ."

"ಯಾಕ? ಏನ್ ಮಾಡಿದ?"

"ಏನೂ ಮಾಡಿಲ್ರಿಯಪ್ಪಾ. ಊರಿಗೆ ಮಂತ್ರಿ ಬಂದ್ರ, ಅವರು ಹೊಳ್ಳಿ ಹೋಗೂತನಕ ನಮ್ಮ ಗಂಡಸರನ್ನೆಲ್ಲ ಒಳಗ ಕುಂಡರಸ್ತಾರಲ್ರಿ."